ಕಸದ ಸರದಿ

ಹತ್ತೊಂಬತ್ತು ವರ್ಷಗಳಿಂದ ನನಗೆ ಸಂಬಳ ಬರುತ್ತಿರುವುದು ಜನರ ಬಾಯಿ ಮುಚ್ಚಿಸುವುದಕ್ಕೆ. ಗ್ರಂಥಾಲಯದಲ್ಲಿ ನಾನು ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಸಾಕು, ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬರುತ್ತಾರೆ. ಅಂಥ ನಾನು ಲಾಕ್‌ಡೌನ್ ಶುರುವಾದ ಹತ್ತೇ ದಿನಕ್ಕೆ ನಾನೇ ಹೆತ್ತ ಇಬ್ಬರು ಮಕ್ಕಳ ಮುಂದೆ ಸೋತು ಸುಣ್ಣವಾದೆ.

ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮಗಳಿಗೆ ಹತ್ತು ವರ್ಷ. ವಾದಕ್ಕಿಳಿದರೆ ಬಿಡುವವಳಲ್ಲ, ಹಾಗಾಗಿ ಲಾಯರಮ್ಮ. ಮಗ ಪುಟಾಣಿಗೆ ಏಳು. ಆನ್‌ಲೈನ್ ಕ್ಲಾಸಿನಲ್ಲಿ ಇಬ್ಬರೂ ಮೌನವ್ರತಧಾರಿಗಳು. ಟೀಚರ್ ಪ್ರಶ್ನೆ ಕೇಳಿದರೆ ತುಟಿ ಬಿಚ್ಚರು. ಕ್ಲಾಸ್ ಮುಗಿಯಿತೋ, ಬಾಲ್ಕನಿಯ ಒಂದೇ ಕುರ್ಚಿಗಾಗಿ ಮಹಾಸಮರ. ಇವರ ಕಿರುಚಾಟದ ಮೇಲೆ ತಮ್ಮ ದನಿ ಕೇಳಿಸಲೆಂದು ವಿಮಾ ಏಜೆಂಟರಾದ ನನ್ನ ಗಂಡ ಫೋನಿನಲ್ಲಿ ಇನ್ನೂ ಜೋರಾಗಿ ಕಿರುಚುತ್ತಿದ್ದರು. ಮೂವರನ್ನೂ ಸುಮ್ಮನಿರಿಸಲು ನಾನು ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದೆ.

ಆಗ ಹೊಳೆಯಿತು ಉಪಾಯ. ನಮ್ಮ ಬೀದಿಗೆ ಸರ್ಕಾರ ಕೊಟ್ಟ ಸ್ವಾತಂತ್ರ್ಯ ಒಂದೇ: ಸಂಜೆ ಐದರಿಂದ ಆರರೊಳಗೆ ಮನೆಗೊಬ್ಬರು ಬೀದಿ ತುದಿಯ ತೊಟ್ಟಿಯವರೆಗೆ ಹೋಗಿ ಕಸ ಹಾಕಿ ಬರಬಹುದು. ಅಲ್ಲಿಯವರೆಗೆ ಅದು ಯಾರಿಗೂ ಬೇಡದ ಕೆಲಸ. ಕಸ ಎಂದ ಕೂಡಲೇ ನನ್ನ ಗಂಡನಿಗೆ ಸೊಂಟ ಹಿಡಿಯುತ್ತಿತ್ತು.

“ಇವತ್ತಿಂದ ಬೆಳಿಗ್ಗೆಯಿಂದ ಸಂಜೆವರೆಗೂ ಧ್ವನಿ ಏರಿಸದೆ ಇದ್ದೋರಿಗೆ ಮಾತ್ರ ಕಸ ಹಾಕೋ ಅವಕಾಶ,” ಎಂದು ಘೋಷಿಸಿದೆ. “ಕೂಗಿದ್ರೋ, ಆ ದಿನದ ಸರದಿ ಹೋಯ್ತು.”

“ಎಲ್ಲರಿಗೂ ಒಂದೇ ನಿಯಮನಾ?” ಲಾಯರಮ್ಮ ಕೇಳಿದಳು.

“ಎಲ್ಲರಿಗೂ.”

ಮನೆ ಗ್ರಂಥಾಲಯವಾಯಿತು. ಮೊದಲ ಸಂಜೆ ಲಾಯರಮ್ಮ ತಲೆ ಬಾಚಿ, ಮಾಸ್ಕ್ ತೊಟ್ಟು, ಶಾಲೆಯ ಶೂ ಹಾಕಿಕೊಂಡು, ಕಸದ ಚೀಲವನ್ನು ಬಹುಮಾನದ ಕಪ್ಪಿನಂತೆ ಎರಡೂ ಕೈಯಲ್ಲಿ ಹಿಡಿದು ಇಳಿದಳು. ಎರಡು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡಳು. ಮರುದಿನ ಪುಟಾಣಿ. ಹೋಗುವಾಗ ಒಂದು ನಾಯಿಯನ್ನೂ ಬರುವಾಗ ಅದೇ ನಾಯಿಯನ್ನೂ ಮಾತಾಡಿಸಿ ಬಂದ. ನಾನು ಬಾಲ್ಕನಿಯಲ್ಲಿ ನಿಂತು ಹೆಮ್ಮೆಯಿಂದ ಬೀಗಿದೆ. ಅಕ್ಕನಿಗೆ ಫೋನ್ ಮಾಡಿ ಮಕ್ಕಳನ್ನು ಬೆಳೆಸುವ ಬಗೆಯನ್ನು ಅರ್ಧ ಗಂಟೆ ಬೋಧಿಸಿದೆ. (ಅವಳು ಕೇಳಿರಲಿಲ್ಲ.)

ಇದನ್ನೆಲ್ಲ ನೋಡುತ್ತಿದ್ದ ನನ್ನ ಗಂಡನ ಸೊಂಟನೋವು ಐದನೇ ದಿನಕ್ಕೆ ಮಾಯವಾಯಿತು. ಅವರೂ ಸರದಿಗೆ ಸೇರಿ, ಫೋನಿನಲ್ಲಿ ಪಿಸುಗುಟ್ಟತೊಡಗಿದರು. “ಸರ್, ನೀವು ಹೋದ್ಮೇಲೆ ಮನೆಯವರ ಗತಿ ಏನು...” ಎಂದು ಅವರು ಪಿಸುದನಿಯಲ್ಲಿ ಹೇಳಿದ್ದನ್ನು ಕೇಳಿ ಗಿರಾಕಿಯೊಬ್ಬರು ಗಾಬರಿಯಾಗಿ ಅಂದೇ ಜ್ವರ ನೋಡಿಸಿಕೊಂಡರಂತೆ.

ಚೀಲ ತುಂಬದೆ ಯಾರೂ ಇಳಿಯುವಂತಿಲ್ಲ ಎಂದು ನಾನು ಇನ್ನೊಂದು ಕಾನೂನು ತಂದದ್ದು ಮಾತ್ರ ತಪ್ಪಾಯಿತು. ಮನೆಯಲ್ಲಿ ಕಸದ ಉತ್ಪಾದನೆ ಆರಂಭವಾಯಿತು. ಲಾಯರಮ್ಮ ಸಿಪ್ಪೆ ತೆಗೆದ ಆಲೂಗಡ್ಡೆ ಗೋಲಿಯಷ್ಟಾಯಿತು. ಪುಟಾಣಿ ಹೊಸ ಪೆನ್ಸಿಲ್‌ಗಳನ್ನು ಕೆತ್ತಿ ಕೆತ್ತಿ ಮುಗಿಸಿದ. ನನ್ನ ಗಂಡ ಕ್ಯಾಲೆಂಡರಿನ ಉಳಿದ ತಿಂಗಳುಗಳನ್ನೆಲ್ಲ ಹರಿದು ಹಾಕಿದರು. ಈ ವರ್ಷ ಅವು ಬರುವುದಿಲ್ಲವಂತೆ.

ಲಾಕ್‌ಡೌನಿನ ನಲವತ್ತೇಳನೇ ದಿನ ಬಾಲ್ಕನಿಯಲ್ಲಿ ನಿಂತವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ಮೂವರೂ ಸರದಿಯಲ್ಲಿ ಬೀದಿ ಕಾಣುತ್ತಿದ್ದರು, ನಾನೊಬ್ಬಳೇ ಬೀದಿಗಿಳಿದು ತಿಂಗಳ ಮೇಲಾಗಿತ್ತು. ನನಗೂ ಎರಡು ನಿಮಿಷ ನೆಲದ ಮೇಲೆ ನಡೆಯಬೇಕಿತ್ತು.

“ನಾಳೆ ಕಸ ನಾನು ಹಾಕ್ತೀನಿ,” ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. “ಹಾಕಮ್ಮಾ,” ಎಂದಳು ಲಾಯರಮ್ಮ, “ನಿಯಮ ಗೊತ್ತಲ್ಲ?”

ಮರುದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಹಾಲು ಉಕ್ಕಿತು, ಸುಮ್ಮನೆ ಒರೆಸಿದೆ. ಒಗೆದ ಬಟ್ಟೆಯ ಮೇಲೆ ಪುಟಾಣಿ ಬಣ್ಣ ಚೆಲ್ಲಿದ, ಮುಗುಳ್ನಕ್ಕೆ. ಗಂಡ “ಇವತ್ತು ನೀನು ಚೆನ್ನಾಗಿ ಕಾಣ್ತೀಯ” ಎಂದು ಕೆಣಕಿದರು, ಅದನ್ನೂ ನುಂಗಿಕೊಂಡೆ. ಐದಕ್ಕೆ ಮುಖ ತೊಳೆದು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಪೌಡರ್ ಹಚ್ಚಿ, ತುಂಬಿದ ಚೀಲ ಹಿಡಿದು ಬಾಗಿಲ ಬಳಿ ಬಂದೆ.

ಚಪ್ಪಲಿ ಇರಲಿಲ್ಲ.

“ಪುಟಾಣಿ, ನನ್ನ ಚಪ್ಪಲಿ ನೋಡಿದ್ಯೇನೋ?” ಮೆಲ್ಲಗೆ ಕೇಳಿದೆ.

“ಮೊನ್ನೆ ಅಪ್ಪನ ಚೀಲ ತುಂಬಿರ್ಲಿಲ್ಲ ಅಮ್ಮಾ. ನೀನು ಹೇಗೂ ಎಲ್ಲಿಗೂ ಹೋಗಲ್ವಲ್ಲ, ಅದಕ್ಕೇ ಹಾಕ್ದೆ.”

“ಓಹೋ,” ಗಂಡ ಪಿಸುಗುಟ್ಟಿದರು, “ಮೊನ್ನೆ ಯಾಕಪ್ಪಾ ಇಷ್ಟು ಭಾರ ಅಂದ್ಕೊಂಡೆ.”

ನಲವತ್ತೆಂಟು ದಿನ ಒಳಗಿದ್ದದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು. ಏನೆಂದು ಕೂಗಿದೆನೋ ನನಗೇ ನೆನಪಿಲ್ಲ. ಬೀದಿಯ ನಾಯಿ ಬೊಗಳಿದ್ದು ನೆನಪಿದೆ. ನಾನು ಉಸಿರೆಳೆದುಕೊಳ್ಳಲು ನಿಂತಾಗ ಲಾಯರಮ್ಮ ನನ್ನ ಕೈಯಿಂದ ಚೀಲವನ್ನು ಮೃದುವಾಗಿ ಬಿಡಿಸಿಕೊಂಡು ಪುಟಾಣಿಗೆ ಕೊಟ್ಟಳು. ಅವನು ಇವತ್ತು ಒಂದು ಸಲವೂ ಕೂಗಿರಲಿಲ್ಲ. ತುಟಿಪಿಟಕ್ಕೆನ್ನದೆ ಮೆಟ್ಟಿಲಿಳಿದ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೆಳಗಿನ ಮನೆಯ ದಂತವೈದ್ಯರು. ಮಗಳೇ ಎತ್ತಿ ಸ್ಪೀಕರ್ ಒತ್ತಿದಳು.

“ಏನಮ್ಮಾ ಅದು ಗಲಾಟೆ? ಮಕ್ಕಳು ಸ್ವಲ್ಪ ಸುಮ್ಮನಿರಬಾರದಾ?”

“ಕ್ಷಮಿಸಿ ಅಂಕಲ್, ನಾವಲ್ಲ, ನಮ್ಮಮ್ಮ,” ಎಂದಳು ಲಾಯರಮ್ಮ, ಗ್ರಂಥಾಲಯದ ದನಿಯಲ್ಲಿ. “ಅವರಿಗೆ ಇವತ್ತು ಮೊದಲನೇ ದಿನ. ನಿಧಾನಕ್ಕೆ ಅಭ್ಯಾಸ ಆಗುತ್ತೆ.”