ಕೆಂಪು ದಾರಿಯಲ್ಲಿ ನಾಲ್ಕು ಬಳೆ

"ಪ್ರಾಣ ಹೋದ್ರೂ ಸರಿ, ನಾನು ಗ್ರೀನ್ ಚಾನೆಲ್‌ಗೆ ಕಾಲಿಡಲ್ಲ!"

ಅನಂತರಾಮು ಹೀಗೆ ಗುಡುಗಿದ್ದು ಸಿಂಗಾಪುರಕ್ಕೆ ಹೊರಡುವ ಹದಿನೈದು ದಿನ ಮುಂಚೆ, ಯಡಿಯೂರಿನ ತಮ್ಮ ಮನೆಯ ಹಾಲ್‌ನಲ್ಲಿ. ಎದುರಿಗೆ ಪ್ಯಾಕೇಜ್ ಟೂರಿಗೆ ಹೆಸರು ಕೊಟ್ಟ ಹನ್ನೆರಡು ಮಂದಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಲೋಟ ಕಾಫಿ, ಒಂದು ಕಟ್ಟು ಜೆರಾಕ್ಸ್. ಕಾಫಿ ಹೆಂಡತಿ ಸೀತಾಲಕ್ಷ್ಮಿಯದು, ಜೆರಾಕ್ಸ್ ಅನಂತರಾಮುವಿನದು. ಜನ ಕಾಫಿಯನ್ನು ಪೂರ್ತಿ ಮುಗಿಸಿದರು.

ಲೆಕ್ಕಪರಿಶೋಧನೆಯ ಕೆಲಸದಲ್ಲಿ ಮೂವತ್ತಾರು ವರ್ಷ ಬೇರೆಯವರ ತಪ್ಪು ಹುಡುಕಿ ನಿವೃತ್ತರಾದ ಮನುಷ್ಯ. ಈಗ ಹುಡುಕಲು ಸಿಕ್ಕಿದ್ದು ವಿದೇಶದಿಂದ ಸಾಮಾನು ತರುವವರ ತಪ್ಪು. ಕಸ್ಟಮ್ಸ್ ನಿಯಮಗಳನ್ನು ಅಡಿಟಿಪ್ಪಣಿ ಸಮೇತ ಓದಿದ್ದರು. ಸುಂಕ ಕಟ್ಟುವಂಥದ್ದೇನೂ ಇಲ್ಲದವರು ಹಸಿರು ದಾರಿಯಲ್ಲಿ ಸುಮ್ಮನೆ ಹೊರಗೆ ಹೋಗಬಹುದು, ಇರುವವರು ಕೆಂಪು ದಾರಿಗೆ ಹೋಗಿ ಅಧಿಕಾರಿಯ ಮುಂದೆ ಘೋಷಿಸಬೇಕು. ಇಷ್ಟೇ ವಿಷಯ. ಅದಕ್ಕೆ ಒಂದು ಗಂಟೆ ಭಾಷಣ!

"ನಮ್ಮ ದೇಶದಲ್ಲಿ ಜನ ಆಸ್ತಿ ಘೋಷಣೆ ಮಾಡೋದು ಎಲೆಕ್ಷನ್‌ಗೆ ನಿಂತಾಗ ಮಾತ್ರ. ಅದೂ ಅರ್ಧ! ಹಸಿರು ದಾರೀಲಿ ಎದೆ ಉಬ್ಬಿಸಿಕೊಂಡು ಹೋಗೋರಲ್ಲಿ ಎಷ್ಟು ಜನರ ಸಾಕ್ಸ್ ಒಳಗೆ ಏನೇನಿರುತ್ತೋ! ನಾನಂತೂ ಒಂದು ಚಾಕ್ಲೇಟ್ ತಂದ್ರೂ ಕೆಂಪು ದಾರೀಲೇ ಹೋಗಿ ಹೇಳೋನು."

"ಚಾಕ್ಲೇಟ್‌ಗೆ ಸುಂಕ ಇಲ್ವಲ್ಲ ಸಾರ್?" ಎಂದರು ಜೆ.ಪಿ. ನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನೀಲಕಂಠಪ್ಪ.

"ಇಲ್ದಿದ್ರೂ ಹೇಳ್ತೀನಿ ಕಣ್ರೀ! ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?"

ಸೀತಾಲಕ್ಷ್ಮಿ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದರು. ಒಮ್ಮೆ ಗಂಡನ ಮುಖ ನೋಡಿದರು.

ಸಿಂಗಾಪುರದಲ್ಲಿ ಉಳಿದವರು ಹಕ್ಕಿಗಳ ಪಾರ್ಕು ನೋಡಿದರೆ ಅನಂತರಾಮು ಬಿಲ್ಲುಗಳನ್ನು ನೋಡಿದರು. ಒಂದು ರೈಸ್ ಕುಕ್ಕರ್, ಎರಡು ಸೆಂಟು, ಆರು ಡಬ್ಬಿ ನೋವಿನ ಮುಲಾಮು, ಮೊಮ್ಮಗಳಿಗೊಂದು ಬೊಂಬೆ. ಇಂಥ ಇಪ್ಪತ್ತೆರಡು ಸಾಮಾನಿಗೂ ಕ್ರಮಸಂಖ್ಯೆ ಬಿತ್ತು. ಕುಕ್ಕರ್ ಮೇಲೆ ಕಟ್ಟಿದ ತೆರಿಗೆ ಪ್ರವಾಸಿಗರಿಗೆ ವಾಪಸ್ ಬರುತ್ತದೆಂದು ತಿಳಿದು ಒಂದೂವರೆ ಗಂಟೆ ಕ್ಯೂ ನಿಂತರು. ಆ ಒಂದೂವರೆ ಗಂಟೆ ಸೀತಾಲಕ್ಷ್ಮಿ ಎಲ್ಲಿದ್ದರೆಂದು ಕೇಳುವುದಕ್ಕೂ ಅವರಿಗೆ ಪುರಸೊತ್ತಾಗಲಿಲ್ಲ.

ವಾಪಸು ಬರುವಾಗ ವಿಮಾನದಲ್ಲಿ ಕೂತು, ನೆಟ್ಟಿನಿಂದ ಮೊದಲೇ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ ಘೋಷಣಾ ಪತ್ರವನ್ನು ತುಂಬತೊಡಗಿದರು. ಹೆಸರು, ಪಾಸ್‌ಪೋರ್ಟ್, ಸಾಮಾನಿನ ಬೆಲೆ ಎಲ್ಲ ಸರಸರ ಸಾಗಿತು. ಆಮೇಲೆ ಬಂತು ನೋಡಿ ಒಂದು ಕಾಲಂ. ಚಿನ್ನದ ಒಡವೆ!

ಪೆನ್ನು ನಿಂತಿತು.

ಪಕ್ಕದಲ್ಲಿ ನಿದ್ದೆ ಹೋಗಿದ್ದ ಸೀತಾಲಕ್ಷ್ಮಿಯ ಕೈಗಳಲ್ಲಿ ನಾಲ್ಕು ಬಳೆಗಳು ಮಿಂಚುತ್ತಿದ್ದವು. ಮದುವೆಗೆ ತಾಯಿ ಮನೆಯವರು ಹಾಕಿದ ನಾಲ್ಕು ಬಳೆ ಎಂದೇ ಲೋಕವೆಲ್ಲ ನಂಬಿತ್ತು. ಅವು ಆ ಬಳೆಗಳಲ್ಲ ಎಂಬುದು ಭೂಮಿಯ ಮೇಲೆ ಒಬ್ಬನಿಗೇ ಗೊತ್ತಿತ್ತು. ಅವನು ಸೀಟ್ ಬೆಲ್ಟ್ ಕಟ್ಟಿಕೊಂಡು ಇಪ್ಪತ್ತೊಂಬತ್ತನೇ ಸಾಲಿನಲ್ಲಿ ಬೆವರುತ್ತಿದ್ದ!

ಏಳು ವರ್ಷದ ಹಿಂದಿನ ಮಾತು. ಗೊಟ್ಟಿಗೆರೆ ದಾಟಿ ಎಲ್ಲೋ ಒಂದು ಕಡೆ ಅಗ್ಗಕ್ಕೆ ಸೈಟು ಎಂದು ಒಬ್ಬ ಬ್ರೋಕರ್ ಪುಸಲಾಯಿಸಿದ. ಅನಂತರಾಮು ಪಾಲಿಶ್ ಮಾಡಿಸಿಕೊಂಡು ಬರುತ್ತೇನೆಂದು ಬಳೆಗಳನ್ನು ಹೆಂಡತಿಯಿಂದ ಇಸಿದುಕೊಂಡು ಹೋಗಿ ಮಾರಿದರು. ಅದೇ ಅಚ್ಚಿನ ಒನ್ ಗ್ರಾಂ ಗೋಲ್ಡ್ ಬಳೆ ತಂದುಕೊಟ್ಟರು. ಸೈಟು ಎರಡು ಪಟ್ಟಾದ ಮೇಲೆ ಗುಟ್ಟಾಗಿ ಅಸಲಿ ಬಳೆ ಮಾಡಿಸಿದರಾಯಿತು ಎಂಬುದು ಲೆಕ್ಕ. ಮೊದಲ ಮಳೆಗೇ ಸೈಟಿನ ಮೇಲೆ ಬಾತುಕೋಳಿಗಳು ಈಜಾಡಿದವು. ಯಡಿಯೂರು ಕೆರೆಯ ಸುತ್ತ ದಿನಾ ವಾಕಿಂಗ್ ಮಾಡುತ್ತ ಕೆರೆ ನುಂಗುವವರಿಗೆ ಶಾಪ ಹಾಕುವ ಮನುಷ್ಯ, ತಾನೇ ಹೋಗಿ ಮೂವತ್ತು ನಲವತ್ತು ಅಳತೆಯ ಕೆರೆಯೊಂದನ್ನು ಕೊಂಡಿದ್ದ!

ಚಿನ್ನ ಎಂದು ಬರೆದರೆ ಪರೀಕ್ಷೆ ಮಾಡುತ್ತಾರೆ. ಚಿನ್ನವಲ್ಲ ಎಂದು ಬರೆದರೆ ಪಕ್ಕದಲ್ಲಿರುವವಳು ಓದುತ್ತಾಳೆ. ಅನಂತರಾಮು ಆ ಕಾಲಂನಲ್ಲಿ ಸಣ್ಣದೊಂದು ಗೀಟು ಎಳೆದು ಪತ್ರವನ್ನು ಮಡಚಿ ಜೇಬಿಗಿಟ್ಟರು.

ಬೆಂಗಳೂರಿನಲ್ಲಿ ಇಳಿದು ಬ್ಯಾಗು ಎತ್ತಿಕೊಂಡದ್ದೇ ತಡ, ಅವರ ಕಾಲುಗಳು ತಾವಾಗಿ ಹಸಿರು ಬೋರ್ಡಿನ ಕಡೆ ತಿರುಗಿದವು.

"ರೀ, ಎಲ್ಲಿಗೆ? ಕೆಂಪು ಆ ಕಡೆ."

"ಅಲ್ಲ ಕಣೇ, ನಮ್ಮ ಸಾಮಾನೆಲ್ಲ ಸೇರಿದ್ರೂ ಮಿತಿಯೊಳಗೇ ಇದೆ. ಸುಮ್ನೆ ಅಧಿಕಾರಿಗಳ ಟೈಮ್ ಯಾಕೆ ಹಾಳು ಮಾಡೋದು ಅಂತ..."

"ಹನ್ನೆರಡು ಜನಕ್ಕೆ ಜೆರಾಕ್ಸ್ ಹಂಚಿದೀರ. ಪ್ರಾಣ ಹೋದ್ರೂ ಅಂದಿದೀರ. ನಡೀರಿ!"

ಅಷ್ಟರಲ್ಲಿ ನೀಲಕಂಠಪ್ಪ ಅತ್ತ ಬಂದರು. ಸೆಕೆಯಲ್ಲೂ ತುಂಬುತೋಳಿನ ಜರ್ಕಿನ್ ತೊಟ್ಟಿದ್ದರು. ಎಡಗೈ ಬಲಗೈಗಿಂತ ದಪ್ಪಗಿತ್ತು. ಒಳಗೆ ಎಷ್ಟು ವಾಚುಗಳಿದ್ದವೋ! "ಏನ್ ಸಾರ್, ನೀವೂ ನಮ್ ದಾರೀಗೇ ಬಂದ್ರಾ?" ಎಂದು ಕಣ್ಣು ಮಿಟುಕಿಸಿದರು.

ಆ ಒಂದು ಮಾತಿಗೆ ಅನಂತರಾಮುವಿಗೆ ಮೈ ಉರಿಯಿತು. ಇಂಥವನ ಜೊತೆಗೆ ತಾನು? ತಳ್ಳುಗಾಡಿಯನ್ನು ಗಕ್ಕನೆ ಕೆಂಪು ದಾರಿಗೆ ತಿರುಗಿಸಿದರು. ತಿರುಗಿಸಿದ ಮರುಕ್ಷಣವೇ ಪಶ್ಚಾತ್ತಾಪಪಟ್ಟರು. ಅಷ್ಟರಲ್ಲಿ ಸೀತಾಲಕ್ಷ್ಮಿ ಮೇಜಿನ ಮುಂದೆ ನಿಂತಾಗಿತ್ತು.

ಸೋಮನಾಥ್ ಎಂಬ ಹೆಸರಿನ ಪಟ್ಟಿ ಹಚ್ಚಿಕೊಂಡಿದ್ದ ಅಧಿಕಾರಿ ಘೋಷಣಾ ಪತ್ರವನ್ನೂ ಅದರ ಜೊತೆಗಿದ್ದ ಇಪ್ಪತ್ತೆರಡು ಕ್ರಮಸಂಖ್ಯೆಗಳ ಪಟ್ಟಿಯನ್ನೂ ಓದಿದರು. ನಗು ತಡೆದುಕೊಂಡರು. "ಮುಲಾಮು ಆರು ಡಬ್ಬಿ! ಸಾರ್, ಇದಕ್ಕೆಲ್ಲ ಏನೂ ಕಟ್ಟಬೇಕಾಗಿಲ್ಲ. ಹೊರಡಿ."

ಅನಂತರಾಮು ಬದುಕಿದೆ ಎಂದು ಗಾಡಿ ತಳ್ಳಿದರು.

"ಒಂದ್ನಿಮಿಷ. ಮೇಡಂ ಕೈಯಲ್ಲಿರೋ ಬಳೆ? ಇಲ್ಲಿ ಗೀಟು ಹಾಕಿದೀರಲ್ಲ?"

"ಅದು... ಹಳೇದು. ಇಲ್ಲಿಂದಲೇ ಹಾಕ್ಕೊಂಡು ಹೋಗಿದ್ದು."

"ಹೋಗುವಾಗ ಇಲ್ಲಿ ತೋರಿಸಿ ಸರ್ಟಿಫಿಕೇಟ್ ಮಾಡಿಸಿದ್ರಾ?"

ಅಡಿಟಿಪ್ಪಣಿ ಓದಿದ ಮಹಾಪಂಡಿತರು ತರುವವರ ನಿಯಮಗಳನ್ನು ಓದಿದ್ದರೇ ಹೊರತು ಒಯ್ಯುವವರ ನಿಯಮಗಳ ಪುಟವನ್ನೇ ತಿರುಗಿಸಿರಲಿಲ್ಲ!

"ಹಾಗಾದ್ರೆ ಒಂದ್ಸಲ ಚೆಕ್ ಮಾಡಿಬಿಡೋಣ. ಮೆಷಿನ್‌ನಲ್ಲಿಟ್ರೆ ಎಷ್ಟು ಕ್ಯಾರಟ್ ಅಂತ ಬರುತ್ತೆ. ಯಾವಾಗ ಮಾಡಿಸಿದ್ದು ಮೇಡಂ?"

"ನಂಗೇನು ಗೊತ್ತು ಸಾರ್? ಇವ್ರನ್ನೇ ಕೇಳಿ. ಲೆಕ್ಕಪತ್ರ ಎಲ್ಲ ಇವ್ರದ್ದೇ," ಎಂದು ಸೀತಾಲಕ್ಷ್ಮಿ ಬಳೆಗಳನ್ನು ಒಂದೊಂದಾಗಿ ಕಳಚಿ ಮೇಜಿನ ಮೇಲಿಟ್ಟರು.

ಅನಂತರಾಮು ಬಳೆಗಳಿಗೆ ಕೈ ಅಡ್ಡ ಹಿಡಿದರು. ಯಂತ್ರ ಹೇಳುವ ಮೊದಲು ತಾನೇ ಹೇಳಬೇಕು. ಯಂತ್ರದ ಬಾಯಿಂದ ಇವಳಿಗೆ ಗೊತ್ತಾದರೆ ಮೂವತ್ತೆಂಟು ವರ್ಷದ ಸಂಸಾರದಲ್ಲಿ ತನ್ನ ಮಾತಿಗೆ ಉಳಿಯುವ ಬೆಲೆ ಏನು?

"ಸಾರ್, ಅದನ್ನ ಮೆಷಿನ್‌ಗೆ ಹಾಕಬೇಡಿ. ಅದು ಚಿನ್ನ ಅಲ್ಲ." ಅಧಿಕಾರಿಯ ಕಡೆಯಿಂದ ಹೆಂಡತಿಯ ಕಡೆಗೆ ತಿರುಗಿದರು. "ಸೀತಾ, ಅವತ್ತು ಪಾಲಿಶ್‌ಗೆ ಅಂತ ತಗೊಂಡು ಹೋದೆನಲ್ಲ, ಮಾರಿಬಿಟ್ಟೆ. ಸೈಟು ಅಂತ ದುಡ್ಡು ಹಾಕಿದೆ. ಅದು ಕೆರೆ. ಇದು ಒನ್ ಗ್ರಾಂ ಗೋಲ್ಡ್. ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ ಕಣೇ."

ಅಧಿಕಾರಿ ತಲೆ ತಗ್ಗಿಸಿ, ಓದಿ ಮುಗಿಸಿದ್ದ ಮುಲಾಮಿನ ಪಟ್ಟಿಯನ್ನು ಮತ್ತೆ ಓದತೊಡಗಿದರು.

"ಗೊತ್ತು," ಎಂದರು ಸೀತಾಲಕ್ಷ್ಮಿ.

"ಏನು ಗೊತ್ತು?"

"ಪಾಲಿಶ್ ಮಾಡಿಸಿದ ಬಳೆ ಅರ್ಧಕ್ಕರ್ಧ ಹಗುರ ಆಗುತ್ತೇನ್ರೀ? ಹಾಕ್ಕೊಂಡ ತಕ್ಷಣ ಕೈಗೆ ಗೊತ್ತಾಯ್ತು. ಅಸಲಿ ಚಿನ್ನ ಆಗಿದ್ರೆ ಪರದೇಶಕ್ಕೆ ಹಾಕ್ಕೊಂಡು ಹೋಗೋಕೆ ನಂಗೇನು ತಲೆ ಕೆಟ್ಟಿತ್ತಾ?"

"ಮತ್ತೆ ಏಳು ವರ್ಷ ಒಂದು ಮಾತೂ ಆಡಲಿಲ್ಲ?"

"ನಿಮ್ಮ ಬಾಯಿಂದಲೇ ಬರಲಿ ಅಂತ ಕಾಯ್ತಿದ್ದೆ. ಮನೇಲಂತೂ ಬರಲಿಲ್ಲ. ಇಲ್ಲಾದ್ರೂ ಬಂತಲ್ಲ, ಸದ್ಯ."

ಅನಂತರಾಮುವಿಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಏಳು ವರ್ಷ ಎದೆಯ ಮೇಲಿದ್ದ ಕುಕ್ಕರ್ ಸೀಟಿ ಹಾಕಿ ಇಳಿದ ಹಾಗಾಯಿತು. ಅಧಿಕಾರಿ ಬಳೆಗಳನ್ನು ವಾಪಸು ಕೊಡಲು ಕೈ ಚಾಚಿದರು. "ಇದಕ್ಕೇನೂ ಇಲ್ಲ ಮೇಡಂ, ಹಾಕ್ಕೊಳಿ."

"ಅದು ಇರಲಿ ಸಾರ್, ಇದನ್ನ ನೋಡಿ." ಸೀತಾಲಕ್ಷ್ಮಿ ಕೈಚೀಲದಿಂದ ಸಣ್ಣದೊಂದು ಕೆಂಪು ಡಬ್ಬಿ ತೆಗೆದರು. ಒಳಗೆ ಎರಡು ಬಳೆ, ಮಡಚಿದ ಒಂದು ಬಿಲ್ಲು. "ಸಂಗೀತದ ಪಾಠ ಹೇಳಿ ಕೂಡಿಟ್ಟ ದುಡ್ಡು. ಇವರು ಕುಕ್ಕರ್ ತೆರಿಗೆಗೆ ಕ್ಯೂ ನಿಂತಿದ್ದಾಗ ತಗೊಂಡೆ. ಇದು ಅಸಲಿ. ಸುಂಕ ಎಷ್ಟಾಗುತ್ತೋ ನೋಡಿ."

ಅನಂತರಾಮು ಇಪ್ಪತ್ತೆರಡು ಸಂಖ್ಯೆಯ ತಮ್ಮ ಪಟ್ಟಿಯನ್ನು ನೋಡಿದರು. ಅದರಲ್ಲಿ ಸುಂಕ ಕಟ್ಟಬೇಕಾದದ್ದು ಒಂದೂ ಇರಲಿಲ್ಲ. ಸುಂಕ ಕಟ್ಟಬೇಕಾದ ಒಂದೇ ಒಂದು ವಸ್ತು ಅದರಲ್ಲಿ ಇರಲಿಲ್ಲ!

ಸೋಮನಾಥ್ ಪೆನ್ನು ತೆಗೆದು, ಒಡವೆ ಕಾಲಂನ ಗೀಟನ್ನು ಹೊಡೆದುಹಾಕಿ ಎರಡು ಬಳೆ ಎಂದು ತಿದ್ದಿ ಬರೆದರು. ಆಮೇಲೆ, ಎಲ್ಲರನ್ನೂ ಕೇಳುವಂತೆ ಕೇಳಿದರು: "ಘೋಷಣೆ ಮಾಡೋದು ಇನ್ನೇನಾದ್ರೂ ಇದೆಯಾ ಸಾರ್?"

ಅನಂತರಾಮು ಬಾಯಿ ತೆರೆಯುವಷ್ಟರಲ್ಲಿ ಸೀತಾಲಕ್ಷ್ಮಿ ಸುಂಕಕ್ಕೆಂದು ಗಂಡನ ಜೇಬಿನಿಂದ ಬ್ಯಾಂಕ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

"ಇವತ್ತಿಗೆ ಇಷ್ಟು ಸಾಕು ಸಾರ್. ಮಿಕ್ಕಿದ್ದನ್ನ ಮನೆಗೆ ಕರ್ಕೊಂಡು ಹೋಗಿ ನಾನೇ ಚೆಕ್ ಮಾಡ್ತೀನಿ."