ಮೀಟರಿನ ನೀರು, ಮಂದಿಯ ಖಿಡಕಿ

ಗಾಜು ತೊಳೆದು ಹೊಟ್ಟೆ ಹೊರೆಯುವವನ ಬಾಳಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರಿದ್ದಾರೆ. ಅಂಥವರು ಒಂದು ವಾರ ನನ್ನ ಏಣಿ ಹೊತ್ತು ನೋಡಲಿ. ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ತಪ್ಪಿತೆಂದರೆ ಆ ವಾರ ನಾನು ಏಣಿಯಿಂದ ಬಿದ್ದು ಮನೆಯಲ್ಲಿ ಮಲಗಿದ್ದೆನೆಂದೇ ಅರ್ಥ.

ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಬೆಳಗಾವಿ ಕ್ಯಾಂಪಿನಲ್ಲಿ ಬಿಳಿಯ ಸಾಹೇಬರ ಬಂಗಲೆಗಳ ಖಿಡಕಿ ತೊಳೆಯುವ ವಿದ್ಯೆ ಕಲಿತು, ಗೋಕಾಕಕ್ಕೆ ಬಂದು ಅದನ್ನೇ ಧಂದೆ ಮಾಡಿಕೊಂಡಿದ್ದೆ. ಆಗ ನಮ್ಮ ಪೇಟೆಯ ಸಾವಕಾರರಿಗೂ ವಕೀಲರಿಗೂ ಕಟ್ಟಿಗೆಯ ಖಿಡಕಿ ಬೇಸರ ಬಂದು ಗಾಜಿನ ಹುಚ್ಚು ಹತ್ತಿತ್ತು. ಗಾಜು ಹಾಕಿಸಿದರು, ಧೂಳು ತಾನಾಗಿ ಬಂತು, ಅದರ ಬೆನ್ನಿಗೆ ನಾನೂ ಬಂದೆ. ಹೊಳೆಯ ನೀರು ಪುಕ್ಕಟೆ ನಿಜ. ಆದರೆ ಮಳೆಗಾಲದಲ್ಲಿ ಅದು ಕೆಂಪು, ಬೇಸಿಗೆಯಲ್ಲಿ ದೂರ. ಹಾಗಾಗಿ ಮನೆಗೆ ನಳ ಹಾಕಿಸಿಕೊಂಡೆ. ನಳದ ಜೊತೆಗೆ ಮೀಟರು ಬಂತು. ಅಂದಿನಿಂದ ಊರೆಲ್ಲ ತಿರುಗುವ ಕೆಲಸ ನನ್ನದಾದರೆ, ನಾನು ಗಳಿಸಿದ್ದನ್ನು ತಿನ್ನುತ್ತ ತಿರುಗುವ ಕೆಲಸ ಅದರ ಮುಳ್ಳಿನದು.

ಗಾಳಿಯ ಬಿಲ್ಲು

ನಳಕ್ಕೆ ನೀರು ಬರುತ್ತಿದ್ದುದು ಬೆಳಿಗ್ಗೆ ಒಂದೇ ತಾಸು. ಅದಕ್ಕೂ ಮೊದಲು ಕೊಳವೆ ಕೆಮ್ಮುತ್ತಿತ್ತು, ಸೀನುತ್ತಿತ್ತು, ಭರ್ ಎಂದು ಗಾಳಿ ಬಿಡುತ್ತಿತ್ತು. ಒಂದು ದಿನ ನನ್ನ ಹೆಂಡತಿ ಹಿತ್ತಲಿನಿಂದ ಕೂಗಿದಳು.

"ಏನ್ರಿ, ಇಲ್ಲಿ ಬರ್ರಿ! ಬಕೀಟಿನ್ಯಾಗ ಒಂದ ಹನಿ ನೀರ ಬಿದ್ದಿಲ್ಲ, ಮೀಟರಿನ ಮುಳ್ಳು ಗಿರಕಿ ಹೊಡಿಯಾಕತ್ತೈತಿ!"

ಓಡಿ ಹೋಗಿ ನೋಡಿದೆ, ಖರೆ. ನನಗೆ ಸಿಟ್ಟು ನೆತ್ತಿಗೇರಿತು. ಹಾಗೇ ನಳದ ಕಚೇರಿಗೆ ಹೋಗಿ ಕಾರಕೂನನ ಮುಂದೆ ನಿಂತೆ. ಮೀಟರು ನೋಡಿ ಬಿಲ್ಲು ಬರೆಯುವವನೂ ಅವನೇ. ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಸಮಾಧಾನದಿಂದ ಕೇಳಿದ.

"ಗಾಳಿ ಬಂತಂದ್ರಿ?"

"ಹೌದ್ರಿ."

"ನಮ್ಮ ನಳದಾಗಿಂದನ ಬಂತಿಲ್ಲೋ?"

"ನಿಮ್ಮ ನಳದಾಗಿಂದನ ಬಂತ್ರಿ."

"ನಿಮ್ಮ ಮನಿಯಾಗ ಉಳಕೊಂತಿಲ್ಲೋ? ತಿರುಗಿ ನಮ್ಮ ಕಡಿ ಏನ ಬಂದಿಲ್ಲಲ್ಲ?"

"ಗಾಳಿ ತಗೊಂಡು ನಾ ಏನ ಮಾಡ್ಲಿ ಸಾಹೇಬ್ರ? ಗಾಳಿಲೆ ಖಿಡಕಿ ತೊಳಿಯಾಕ ಬರತೈತೇನ್ರಿ?"

ಕಾರಕೂನ ನನ್ನನ್ನು ಕನಿಕರದಿಂದ ನೋಡಿದ. "ಸೆಕಿ ಭಾಳ ಐತಿ. ನಳದ ಮುಂದ ಕುಂದರ್ರಿ. ಬೀಸಣಿಕಿ ಖರ್ಚರ ಉಳೀತೈತಿ."

ಮೊದಲ ನೀರು ಯಾರಿಗೆ

ಬಿಲ್ಲು ಇಳಿಸಲು ನಾನೊಂದು ಯುಕ್ತಿ ಹೂಡಿದೆ. ಆಗ ಒಂದು ದೊಡ್ಡ ಕಚೇರಿಯ ಖಿಡಕಿಗಳ ಗುತ್ತಿಗೆ ಹಿಡಿದಿದ್ದೆ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ಒಂದೇ ಬಕೀಟು ನೀರಿನಲ್ಲಿ ಇಡೀ ಕಚೇರಿ ಮುಗಿಸುವುದು ಆ ಯುಕ್ತಿ. ತಿಳಿನೀರು ಸಾಹೇಬರ ಖಿಡಕಿಗೆ, ಅದೇ ನೀರು ಆಮೇಲೆ ಹೆಡ್ ಕ್ಲಾರ್ಕರಿಗೆ, ಆಮೇಲೆ ಕಾರಕೂನರಿಗೆ, ಕಡೆಗೆ ಸಿಪಾಯಿಯ ಕೋಣೆಗೆ. ಅಷ್ಟು ಹೊತ್ತಿಗೆ ನೀರು ಹುರುಳಿಕಟ್ಟಿನ ಹಾಗೆ ಆಗಿರುತ್ತಿತ್ತು. ಪಗಾರದ ಕ್ರಮದಲ್ಲೇ ನೀರು ಇಳಿಯುತ್ತಿದ್ದುದರಿಂದ ಯಾರೂ ತಕರಾರು ಮಾಡಲಿಲ್ಲ. ಅಲ್ಲಿ ಎಲ್ಲವೂ ಹಾಗೆಯೇ ಇಳಿಯುತ್ತಿತ್ತು.

ತೊಡಕಾದದ್ದು ಇಬ್ಬರು ಹೆಡ್ ಕ್ಲಾರ್ಕರಿದ್ದುದರಿಂದ. ಇಬ್ಬರದೂ ಒಂದೇ ಪಗಾರ, ಒಂದೇ ದಿನ ನೌಕರಿಗೆ ಸೇರಿದವರು. ಒಬ್ಬರು ನನ್ನನ್ನು ಬಾಜೂಕ್ಕೆ ಕರೆದು, "ಅವರ ಖಿಡಕಿ ತೊಳದ ಎಂಜಲ ನೀರು ನನ್ನ ಖಿಡಕಿಗೇನೋ?" ಎಂದು ಹಲ್ಲು ಕಡಿದರು. ಇವರಿಗೆ ಮೊದಲು ಹಾಕಿದೆ. ಮರುದಿನ ಇನ್ನೊಬ್ಬರು ಅದೇ ಮಾತು ಅಂದರು. ದಿನ ಬಿಟ್ಟು ದಿನ ಮಾಡೋಣವೆಂದರೆ, ಸೋಮವಾರ ಯಾರದು ಎಂದು ಜಗಳ. ಕಡೆಗೆ ಇಬ್ಬರೂ ಅರ್ಜಿ ಬರೆದರು. ಸಾಹೇಬರು ವಿಚಾರಣೆ ಮಾಡಿ, ಇಬ್ಬರ ಮಾನವೂ ಉಳಿಯುವ ಹಾಗೆ ಹುಕುಂ ಹೊರಡಿಸಿದರು: ಇಬ್ಬರ ಖಿಡಕಿಯನ್ನೂ ತೊಳೆಯಕೂಡದು.

ಹಾಗೆ ಉಳಿದ ನೀರು ಸಿಪಾಯಿಯ ಪಾಲಿಗೆ ಬಂತು. ಅಂದು ಮೊದಲ ಸಲ ಅವನ ಗಾಜು ಫಳಫಳ ಹೊಳೆಯಿತು. ಮುದುಕ ಸಿಪಾಯಿ ಹೊರಗೆ ಇಣುಕಿ ನೋಡಿ ಬೆರಗಾದ.

"ಏ ತಮ್ಮಾ, ಹೊರಗ ಬಿಸಲೈತೇನೋ? ನಾ ದಿನಾ ಮೋಡ ಆಗೈತಿ ಅಂತ ಛತ್ರಿ ತಗೊಂಡ ಮನಿಗೆ ಹೋಗತಿದ್ನಲ್ಲೋ!"

ಮೂಡಲಗಿ ಫ್ಯಾಶನ್ನು

ಮೀಟರಿನ ಕಾಟವೇ ಬೇಡವೆಂದು, ಬಾವಿ ಇದ್ದವರ ಮನೆಗಳನ್ನು ಹುಡುಕತೊಡಗಿದೆ. ಮೂಡಲಗಿಯಲ್ಲಿ ಒಬ್ಬ ಸಾವಕಾರರು ಸಿಕ್ಕರು. "ನೀರು ನಮ್ದು, ಒರಸೂ ಅರಿವಿ ನಿಮ್ದು. ಕೂಲಿ ಅರ್ಧಾ," ಎಂದರು. ಒಪ್ಪಿಕೊಂಡೆ.

ಅವರ ಬಾವಿಯ ನೀರು ಬರೀ ಸವಳು, ಉಪ್ಪುಪ್ಪು. ಒಂದು ಗುಟುಕು ಕುಡಿದು ನೋಡಿದ್ದರೆ ಗೊತ್ತಾಗುತ್ತಿತ್ತು, ಆದರೆ ಪುಕ್ಕಟೆ ನೀರನ್ನು ಯಾರು ರುಚಿ ನೋಡುತ್ತಾರೆ? ಎಲ್ಲ ಖಿಡಕಿಗಳನ್ನೂ ತೊಳೆದು ಏಣಿ ಇಳಿದು ನೋಡುತ್ತೇನೆ, ಬಿಸಿಲಿಗೆ ಆರಿದ ಗಾಜೆಲ್ಲ ಬೆಳ್ಳಗೆ ಮಸುಕಾಗಿದೆ, ಸುಣ್ಣ ಸವರಿದ ಹಾಗೆ. ಓಡಿಹೋಗೋಣವೆಂದರೆ ಏಣಿ ಭಾರ. ಅಷ್ಟರಲ್ಲಿ ಸಾವಕಾರರ ತಾಯಿ ಹೊರಗೆ ಬಂದು ನೋಡಿ, ಗಲ್ಲಕ್ಕೆ ಕೈ ಹಚ್ಚಿದರು.

"ಭಾಳ ಚೊಲೋ ಮಾಡಿದಿ ನೋಡಪಾ! ಬೆಳಕು ಒಳಗ ಬರತೈತಿ, ಮಂದಿ ಕಣ್ಣು ಬರೂದಿಲ್ಲ. ನಾವು ಎಷ್ಟು ಹೋಳಿಗಿ ತಿಂತೀವಿ ಅಂತ ಎಣಸೂದು ತಪ್ಪತು."

ಸುದ್ದಿ ಹುಕ್ಕೇರಿಯಲ್ಲಿದ್ದ ಅವರ ಬೀಗರ ಮನೆಗೆ ಮುಟ್ಟಿತು. ಅವರೂ ಕರೆಸಿದರು. ನಾನು ಅವರ ಬಾವಿಯಿಂದ ನೀರು ಸೇದಿ ತೊಳೆದೆ. ಆ ನೀರು ಸಿಹಿಯಾಗಿತ್ತು, ಗಾಜು ಸ್ವಚ್ಛವಾಗಿಬಿಟ್ಟಿತು. ಬೀಗರಿಗೆ ಕೆಂಡಾಮಂಡಲ ಸಿಟ್ಟು. "ಮೂಡಲಗಿಯವರಿಗೆ ಮಾಡಿದ ಕೆಲಸ ನಮಗ್ಯಾಕಿಲ್ಲ? ನಮ್ಮ ರೊಕ್ಕ ನಡಿಯೂದಿಲ್ಲೇನು?"

ಏನು ಮಾಡಲಿ? ಮೂಡಲಗಿಯ ಸವಳು ನೀರನ್ನು ಹಂಡೆಗಳಲ್ಲಿ ತುಂಬಿ ಚಕ್ಕಡಿಯಲ್ಲಿ ಹೇರಿಕೊಂಡು ಹುಕ್ಕೇರಿಗೆ ಹೊರಟೆ. ದಾರಿಯಲ್ಲಿ ಘೋಡಗೇರಿಯ ಹತ್ತಿರ ಎತ್ತುಗಳಿಗೆ ನೀರಡಿಸಿತು. ಹಂಡೆ ಮುಂದಿಟ್ಟರೆ ಮೂಸಿ ನೋಡಿ ಮುಖ ತಿರುವಿದವು. ಅಲ್ಲೇ ಗಿಡದ ನೆರಳಲ್ಲಿ ಕೂತಿದ್ದ ಒಬ್ಬ ಯಜಮಾನರು ನನ್ನಿಂದ ಕಥೆಯನ್ನೆಲ್ಲ ಕೇಳಿ, ನನಗಲ್ಲ, ಎತ್ತುಗಳಿಗೆ ಕೈ ಮುಗಿದರು.

"ಯಪ್ಪಾ ಬಸವಣ್ಣಾ, ನೀ ಮೂಸಿ ಬಿಟ್ಟದ್ದನ್ನ ಹುಕ್ಕೇರಿ ಮಂದಿ ರೊಕ್ಕಾ ಕೊಟ್ಟು ಖಿಡಕಿಗೆ ಬಳಕೊಳ್ಳಾಕತ್ತಾರ. ಶಾಣ್ಯಾ ಯಾರು ಅಂತ ನೀನ ಹೇಳು!"

ಸತ್ಯ ಕಾಣಬೇಕು

ಇಷ್ಟೆಲ್ಲ ಒದ್ದಾಡಿದರೂ ಬಿಲ್ಲು ಮಾತ್ರ ಏರುತ್ತಲೇ ಹೋಯಿತು. ಒಂದು ದಿನ ನೋಟೀಸು ಬಂತು: ಎಂಟು ದಿನದೊಳಗೆ ಬಾಕಿ ತುಂಬದಿದ್ದರೆ ನಳ ಕಡಿಯಲಾಗುವುದು. ನಳ ಹೋದರೆ ಧಂದೆ ಹೋಯಿತು, ಧಂದೆ ಹೋದರೆ ಮತ್ತೆ ಬೆಳಗಾವಿಗೆ ಹೋಗಿ ಪರರ ಬಂಗಲೆಯಲ್ಲಿ ಚಾಕರಿ. ನನಗೆ ಅಳುವೇ ಬಂತು. ಹೆಂಡತಿ, "ಅತ್ತರ ಆ ನೀರರ ಬಕೀಟಿನ್ಯಾಗ ಹಿಡೀರಿ," ಎಂದಳು.

ನೀರಿನ ಕಮಿಟಿಯ ಅಧ್ಯಕ್ಷರು ಸತ್ಯವಂತರೆಂದು ಹೆಸರಾದವರು. ಅವರ ಕಾಲು ಹಿಡಿದೆ. ಅವರು ಕಾರಕೂನನನ್ನು ಕರೆದುಕೊಂಡು ನನ್ನ ಮನೆಗೇ ಬಂದು, ಮೀಟರಿನ ಮೇಲೆ ಬಗ್ಗಿದರು. ಮೊದಲು ಮುಳ್ಳು ಕಾಣುತ್ತಿದ್ದ ಗಾಜಿನ ಮೇಲೆ ಒಂದೆರಡು ಮಳೆಗಾಲದಲ್ಲಿ ಬೆರಳು ದಪ್ಪ ಕೆಸರು ಕೂತಿತ್ತು, ಅದರ ಮೇಲೆ ಹಸಿರು ಪಾಚಿ.

"ಅಂಕಿ ಎಲ್ಲಿ ಅದಾವೋ?"

"ಒಳಗ ಅದಾವ್ರಿ," ಎಂದ ಕಾರಕೂನ.

"ಮತ್ತ ನೀ ಹೆಂಗ ಓದತಿದ್ದಿ?"

"ಅಂದಾಜಿಲೆ ಬರಿತಿದ್ನಿರಿ. ಇವಂದು ನೀರಿನ ಧಂದೆ, ಹೆಚ್ಚ ಬರದ್ನಿ. ದೊಡ್ಡ ಮಂದಿ ಮನಿಯಾಗ ಎಲ್ಲಾ ಸ್ವಚ್ಛ ಇರತೈತಿ, ತೊಳಿಯೂದರ ಏನಿರತೈತಿ? ಅವರಿಗೆ ಕಡಿಮಿ ಬರದ್ನಿ."

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ಊರ ಗಾಜೆಲ್ಲ ತೊಳೆದವನು ನನ್ನ ಹಿತ್ತಲಿನ ಅಂಗೈಯಗಲದ ಗಾಜು ತೊಳೆದಿರಲಿಲ್ಲ! ಧೋತರದ ಚುಂಗಿನಿಂದ ತಿಕ್ಕಿದೆ. ಅಂಕಿ ಕಂಡಿತು. ಕಾರಕೂನ ಬರೆದದ್ದರ ಅರ್ಧವೂ ಇರಲಿಲ್ಲ. ಅಧ್ಯಕ್ಷರು ನೋಟೀಸನ್ನು ಅಲ್ಲೇ ಹರಿದು ಹಾಕಿದರು, ನಳ ಉಳಿಯಿತು.

ಅಧ್ಯಕ್ಷರಿಗೆ ಆವೇಶ ಬಂತು. ಕೂಡಿದ್ದ ಮಂದಿಯ ಮುಂದೆ ಸಾರಿದರು. "ಊರಾಗಿನ ಎಲ್ಲಾ ಮೀಟರಿನ ಗಾಜು ನಾಳಿಯಿಂದ ಇವನ ತೊಳೀತಾನ. ಕೂಲಿ ಕಮಿಟಿ ಕೊಡತೈತಿ. ಸತ್ಯ ಕಾಣಬೇಕು!" ಮಂದಿ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಅರಿವಿ ಅಂಗಡಿಯ ಸಾವಕಾರರು ಬಂದರು. ನನ್ನ ಅಂಗೈಯಲ್ಲಿ ರೂಪಾಯಿ ಇಟ್ಟು, "ನಮ್ಮ ಮೀಟರು ತೊಳದಾಂಗ ಆತು ಅಂತ ತಿಳಕೋ ತಮ್ಮಾ," ಎಂದರು. ಅವರ ಹಿಂದೆ ವಕೀಲರು. ಅವರ ಹಿಂದೆ ಡಾಕ್ಟರು. ಅವರು, ಗಾಜಿನ ಕೆಸರು ತೆಗೆದರೆ ಮೀಟರಿಗೆ ಥಂಡಿ ಆಗುತ್ತದೆ ಎಂದರು. ಸಂಜೆಗೆ ಹೆಂಡತಿಯ ಮುಖ ಅರಳಿತ್ತು. "ಒಂದ ಹನಿ ನೀರ ಖರ್ಚಿಲ್ಲದ ಇಂಥಾ ಧಂದೆ ನೀವು ಯಾವತ್ತೂ ಮಾಡಿರಲಿಲ್ಲ ನೋಡ್ರಿ!"

ನನಗೆ ಮಾತ್ರ ಮನಸ್ಸು ಕೇಳಲಿಲ್ಲ. ನನ್ನ ನಳ ಉಳಿಸಿದ ಪುಣ್ಯಾತ್ಮರಿಗೆ ದ್ರೋಹ ಮಾಡಲೇ? ಎಲ್ಲರ ರೊಕ್ಕ ಅವರವರಿಗೆ ತಿರುಗಿ ಕೊಟ್ಟು ಬಂದೆ. ಮೊದಲು ಅಧ್ಯಕ್ಷರ ಮನೆಯ ಮೀಟರೇ ತೊಳೆದುಬಿಡೋಣ, ಅದನ್ನು ಕಂಡು ಉಳಿದವರು ಬಾಯಿ ಮುಚ್ಚುತ್ತಾರೆ ಎಂದುಕೊಂಡು ಮರುದಿನ ಬೆಳಿಗ್ಗೆ ಬಕೀಟು ತುಂಬಿಕೊಂಡು ಅವರ ಬಂಗಲೆಗೆ ಹೋದೆ.

ಅಧ್ಯಕ್ಷರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಹಿಂದಿನ ತೋಟದಲ್ಲಿ ಮೂರು ನಳ ಬಿಟ್ಟುಬಿಟ್ಟಿದ್ದರು, ಬಾಳೆಗಿಡಗಳ ಬುಡದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಾನು ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅರಿವಿ ಅದ್ದಿದ್ದೇ ತಡ, ಅಧ್ಯಕ್ಷರು ಬಟ್ಟಲು ಬಿಟ್ಟು ಹಾರಿ ಬಂದು ನನ್ನ ಕೈ ಹಿಡಿದರು.

"ಏ ಏ, ಏನ ಮಾಡಾಕತ್ತಿ?"

"ಗಾಜು ತೊಳಿಯಾಕತ್ತೇನ್ರಿ ಸಾಹೇಬ್ರ. ಸತ್ಯ ಕಾಣಬೇಕು ಅಂದ್ರಲ್ರಿ."

ಅವರು ಮೀಟರು ನೋಡಿದರು, ತೋಟ ನೋಡಿದರು, ನನ್ನ ಬಕೀಟು ನೋಡಿದರು. ಆಮೇಲೆ ಬಹಳ ನೊಂದ ದನಿಯಲ್ಲಿ ಹೇಳಿದರು.

"ಊರಾಗ ನೀರಿಗೆ ಇಷ್ಟು ತ್ರಾಸ ಐತಿ, ಒಂದು ಬಕೀಟು ನೀರು ಹಿಂಗ ಹಾಳ ಮಾಡತಾರೇನೋ ಹುಚ್ಚಾ?"