ಮಾಡಿನ ಹಲ್ಲುಜ್ಜಿದ ಡಾಕ್ಟರು

ನಮ್ಮ ಬೀದಿಯ ಹಲ್ಲಿನ ಡಾಕ್ಟರನ್ನು ಸರಕಿನಂತೆ ಮುಂದಿಟ್ಟುಕೊಂಡು ನೋಡಿದರೆ ಲೆಕ್ಕ ಹೀಗೆ ಬರುತ್ತದೆ. ಎತ್ತರ ಐದೂವರೆ ಅಡಿ, ಅದರಲ್ಲಿ ಅರ್ಧ ಅಡಿ ಬರೀ ಕುತ್ತಿಗೆ. ಕಂಡವರ ಬಾಯೊಳಗೆ ಇಣುಕಿ ಇಣುಕಿ ಅದು ಮುಂದಕ್ಕೆ ಬಾಗಿಕೊಂಡಿದೆ. ಕೈ ಮೊದಲ ದರ್ಜೆಯದು, ಚುಚ್ಚಿದರೆ ಸೊಳ್ಳೆಗೂ ನಾಚಿಕೆಯಾಗಬೇಕು. ಸಹನೆ ಗಟ್ಟಿ ಮಾಲು, ಬಣ್ಣ ಬಿಡುವುದಿಲ್ಲ. ಹಠ ಮಾತ್ರ ತೂಕಕ್ಕಿಂತ ಹೆಚ್ಚಿದೆ. ಅದನ್ನು ಬೇರ್ಪಡಿಸಿ ಕೊಡುವುದಿಲ್ಲ, ಬೇಕಾದವರು ಒಟ್ಟಿಗೇ ಒಯ್ಯಬೇಕು. ಹಾಗೆ ಒಯ್ದವರು ಲೋಕದಲ್ಲಿ ಒಬ್ಬರೇ, ಡಾಕ್ಟರಮ್ಮ. (ವಾಪಸು ತೆಗೆದುಕೊಳ್ಳುವ ಪದ್ಧತಿ ಉಂಟೇ ಎಂದು ಮದುವೆಯಾದ ವಾರದಲ್ಲೇ ಅತ್ತೆಯವರನ್ನು ಕೇಳಿದ್ದರಂತೆ. ಅತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡರಂತೆ.)

ಎದುರುಗಡೆಯೇ ಬಕೆಟ್ಟು, ಪೈಪು, ಏಣಿ, ಪೊರಕೆ ಮಾರುತ್ತ ಕುಳಿತಿರುವುದರಿಂದ ಅವರ ಮನೆಯ ಅರ್ಧ ನನಗೆ ಕಣ್ಣಾರೆ ಗೊತ್ತು. ಉಳಿದರ್ಧ ಡಾಕ್ಟರಮ್ಮ ಹೇಳಿದ್ದು.

ಮನೆಯ ಮುಂದಿನ ಕೋಣೆಯೇ ದವಾಖಾನೆ. ಮೇಲೆ ಹೆಂಚಿನ ಇಳಿಜಾರು ಮಾಡು. ಅದರ ಅಂಚಿನ ಕೆಳಗೆ, ರಸ್ತೆಗೆ ಎದ್ದು ಕಾಣುವಂತೆ ಬೋರ್ಡು: ‘ಶುಭ್ರ ದಂತ, ನಿಶ್ಚಿಂತ ಜೀವನ’. ಈ ಬೋರ್ಡಿನ ಮೇಲೆ ಸಾಲಾಗಿ ಹಲ್ಲು ಕಿರಿದಂತಿರುವ ಅಂಚಿನ ಹೆಂಚುಗಳೋ, ಮೂರು ವರ್ಷದಿಂದ ಹಸಿರು ಪಾಚಿ ಹೊದ್ದು ಮಲಗಿದ್ದವು. ಸಂದುಗಳಲ್ಲಿ ಹಾವಸೆ ಬೆಳೆದು ಮೆತ್ತಗೆ ಉಬ್ಬಿತ್ತು. ಆ ಹೆಂಚು ಒಂದು ಕಾಲದಲ್ಲಿ ಕೆಂಪಗಿತ್ತು ಎನ್ನುವುದಕ್ಕೆ ಹಜಾರದ ಗೋಡೆಯ ಗೃಹಪ್ರವೇಶದ ಫೋಟೋ ಒಂದೇ ಸಾಕ್ಷಿ. ಡಾಕ್ಟರಿಗೆ ಇದು ಕಂಡಿರಲೇ ಇಲ್ಲ. ತೆರೆದ ಬಾಯಿ ಬಿಟ್ಟು ಬೇರೇನನ್ನೂ ತಲೆಯೆತ್ತಿ ನೋಡುವ ಅಭ್ಯಾಸ ಅವರಿಗಿಲ್ಲ.

ತೋರಿಸಿಕೊಟ್ಟವರು ಬ್ಯಾಂಕ್ ಮ್ಯಾನೇಜರು. ಹಲ್ಲು ಶುಚಿ ಮಾಡಿಸಲು ಬಂದು, ಹೊರಗಿನ ಬೆಂಚಿನ ಮೇಲೆ ಸರದಿ ಕಾಯುತ್ತ, ಬೇಸರಕ್ಕೆ ಮೇಲೆ ನೋಡಿದರು.

"ಡಾಕ್ಟ್ರೇ, ಬೋರ್ಡ್ ಮೇಲೆ ಅದೇನದು?"

"ಮಾಡು."

"ಮಾಡು ನಂಗೂ ಕಾಣುತ್ತೆ. ಅದರ ಮೇಲೆ?"

"ಸ್ವಲ್ಪ ಪಾಚಿ."

"ಸ್ವಲ್ಪಾನಾ? ಹಸು ಮೇಯಿಸ್ಬಹುದು! ತಲೆ ಮೇಲಿರೋದನ್ನೇ ಉಜ್ಜಕ್ಕಾಗದೋರು ನನ್ನ ಬಾಯೊಳಗಿರೋದನ್ನ ಏನು ಉಜ್ಜೀರಿ?"

ಹಾಗೆಂದವರೇ ಎದ್ದು ಪಕ್ಕದ ಬೀದಿಗೆ ನಡೆದರು. ಅಲ್ಲಿ ಹೊಸದಾಗಿ ಗಾಜಿನ ಗೋಡೆಯ ದಂತಾಲಯವೊಂದು ಬಂದಿತ್ತು. ಮ್ಯಾನೇಜರ ಮಾತಿಗೆ ಬೀದಿಯಲ್ಲಿ ಬೆಲೆಯಿದೆ. ಶನಿವಾರದ ಹೊತ್ತಿಗೆ ಡಾಕ್ಟರಮ್ಮನ ರಿಜಿಸ್ಟರಿನಲ್ಲಿ ಏಳು ಹೆಸರುಗಳ ಮೇಲೆ ಗೀಟು ಬಿದ್ದಿತ್ತು. (ಆ ರಿಜಿಸ್ಟರೇ ದವಾಖಾನೆಯ ಸಂವಿಧಾನ. ಅದರಲ್ಲಿ ಹೆಸರಿಲ್ಲದೆ ಯಾರ ಬಾಯಿಗೂ ಡಾಕ್ಟರು ಕೈ ಹಾಕುವಂತಿಲ್ಲ, ಸ್ವಂತ ಬಾಯಿಗೂ.) ಇನ್ನೊಂದು ತಿಂಗಳು ಹೀಗೇ ಸಾಗಿದರೆ ಬೋರ್ಡು ಇಳಿಸಬೇಕಾಗುತ್ತದೆ ಎಂಬುದು ಡಾಕ್ಟರಿಗೂ ಅರ್ಥವಾಯಿತು. ಅಂದು ರಾತ್ರಿ ಊಟಕ್ಕೆ ಕೂತಾಗ ಮಾತು ಬಂತು.

"ರೀ, ಮಾಡು ತೊಳೆಯೋನನ್ನ ಕರೀತೀನಿ" ಎಂದರು ಡಾಕ್ಟರಮ್ಮ. "ಮೆಷಿನ್ ತಂದು ಜೋರಾಗಿ ನೀರು ಹೊಡೀತಾನಂತೆ. ಅರ್ಧ ದಿನದ ಕೆಲಸ."

ಡಾಕ್ಟರು ಬೆಚ್ಚಿದರು. "ಜೋರಾಗಾ? ಹೆಂಚಿನ ಮೇಲ್ಪದರ ಎದ್ದುಹೋಗುತ್ತೆ! ಆಮೇಲೆ ಬಿಸಿ, ತಣ್ಣಗೆ ಏನೂ ತಡಕೊಳಲ್ಲ."

"ಪರವಾಗಿಲ್ಲ, ಅದಕ್ಕೆ ಐಸ್‌ಕ್ರೀಮ್ ತಿನ್ನಿಸೋದು ಬೇಡ ಬಿಡಿ."

"ತಮಾಷೆ ಅಲ್ಲ ಕಣೇ. ನಾನೇ ಮಾಡ್ತೀನಿ. ಇಪ್ಪತ್ತು ವರ್ಷದಿಂದ ಇನ್ನೇನು ಮಾಡ್ತಿದೀನಿ?"

"ಅದು ಬಾಯಿ, ಇದು ಮನೆ."

"ಗಾತ್ರ ಬೇರೆ, ತತ್ತ್ವ ಒಂದೇ."

ತತ್ತ್ವದ ಮಾತು ಬಂದಾಗ ಡಾಕ್ಟರಮ್ಮ ವಾದಕ್ಕಿಳಿಯುವುದಿಲ್ಲ, ದಾಖಲೆ ಮಾಡುತ್ತಾರೆ. ರಿಜಿಸ್ಟರು ತೆರೆದು ಬರೆದರು: ‘ಭಾನುವಾರ ಒಂಬತ್ತು ಗಂಟೆ. ಹೆಸರು: ಮಾಡು. ವಯಸ್ಸು: ಹತ್ತೊಂಬತ್ತು. ತೊಂದರೆ: ಹಸಿರು.’

ಭಾನುವಾರ ನನ್ನ ಅಂಗಡಿಗೆ ರಜೆ. ಮಹಡಿಯ ಕಿಟಕಿಯಲ್ಲಿ ಕಾಫಿ ಹಿಡಿದು ಕುಳಿತೆ. ಡಾಕ್ಟರು ಬಿಳಿ ಕೋಟು, ಮುಖಕ್ಕೆ ಮಾಸ್ಕು, ಹಾಡುಹಗಲಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಏಣಿ ಹತ್ತಿದರು. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಜಗುಲಿಯ ಕಂಬಕ್ಕೆ. ಕೈಯಲ್ಲಿ ಉಪಕರಣಗಳ ತಟ್ಟೆ: ಪುಟ್ಟ ಕನ್ನಡಿ, ಕೊಕ್ಕೆ, ಹಲ್ಲು ಕೆರೆಯುವ ಉಳಿ, ಇಕ್ಕಳ, ಹತ್ತಿ. ಮೊದಲ ಹೆಂಚಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ರೂಢಿಯಂತೆ ಮೆಲ್ಲಗೆ ಹೇಳಿದರು:

"ಸ್ವಲ್ಪ ಜುಮ್ ಅನ್ಸುತ್ತೆ. ಹೆದರ್ಕೋಬೇಡಿ."

"ಯಾರ್ ಜೊತೇರೀ ಮಾತು?" ಕೆಳಗಿನಿಂದ ಡಾಕ್ಟರಮ್ಮ.

"ಯಾರಿಲ್ಲ, ಯಾರಿಲ್ಲ."

ಇನ್ನು ಆ ಕೆಲಸದ ವೈಭವವನ್ನು ಏನೆಂದು ಬಣ್ಣಿಸಲಿ! ಒಂದೊಂದು ಹೆಂಚಿಗೂ ಒಳಗಡೆ, ಹೊರಗಡೆ, ಸಂದು, ಮೂಲೆ. ಕೆರೆದು, ಹತ್ತಿಯಲ್ಲಿ ಒರೆಸಿ, ಕನ್ನಡಿ ಹಿಡಿದು ನೋಡಿ, ಮತ್ತೆ ಕೆರೆದು, ಕೊನೆಗೆ ಗುಲಾಬಿ ಬಣ್ಣದ ಲೇಪ ಹಚ್ಚಿ ಹೊಳಪು ಕೊಡುವುದು. ಒಂದು ಗಂಟೆಗೆ ಊಟಕ್ಕೆ ಕರೆಯಲು ಬಂದ ಡಾಕ್ಟರಮ್ಮ ತಲೆಯೆತ್ತಿ ನೋಡಿದರು. ಮುಗಿದದ್ದು ಮೂರು ಹೆಂಚು. ಹಸಿರು ಸಾಲಿನ ನಡುವೆ ಆ ಮೂರು ಥಳಥಳ ಹೊಳೆಯುತ್ತಿದ್ದವು. ಬೆಳಗಿನ ತನಕ ಉಜ್ಜದ ಬಾಯಿಯಂತಿದ್ದ ಮನೆ ಈಗ ಮೂರು ಹಲ್ಲು ಕಟ್ಟಿಸಿಕೊಂಡ ಉಜ್ಜದ ಬಾಯಿಯಾಗಿತ್ತು.

"ಒಟ್ಟು ಹೆಂಚು ಎಷ್ಟಿದೆ ಗೊತ್ತಾ?" ಎಂದರು.

"ಎಣಿಸಿಲ್ಲ."

"ನಾನು ಎಣಿಸ್ದೆ. ಸಾವಿರದ ನೂರು. ವಾರಕ್ಕೆ ಮೂರರ ಹಾಗೆ ಏಳು ವರ್ಷ. ಕೊನೇದಕ್ಕೆ ಬರೋ ಹೊತ್ತಿಗೆ ಮೊದಲನೇದು ಮತ್ತೆ ಹಸಿರಾಗಿ ನಗ್ತಿರುತ್ತೆ. ಇಳೀರಿ ಕೆಳಗೆ!"

"ಒಂದ್ನಿಮಿಷ. ಇಲ್ಲೊಂದು ಅಲ್ಲಾಡ್ತಿದೆ."

ಕಂಡದ್ದನ್ನೆಲ್ಲ ಕನ್ನಡಿಯ ಹಿಡಿಯಿಂದ ಟಕಟಕ ತಟ್ಟಿ ನೋಡುವುದು ಅವರ ಕೈಗೆ ಅಂಟಿದ ಅಭ್ಯಾಸ. ಹಾಗೆ ತಟ್ಟಿದಾಗ ಒಂದು ಹೆಂಚು ಅಲುಗಿತ್ತು. ಡಾಕ್ಟರ ಕಣ್ಣು ಮಿಂಚಿತು. ಬೆಳಗಿನಿಂದ ಮೊದಲ ಬಾರಿ ತಮಗೆ ಸರಿಯಾಗಿ ಗೊತ್ತಿರುವ ಕೆಲಸವೊಂದು ಎದುರಾಗಿತ್ತು.

"ಬುಡ ಸಡಿಲ ಆಗಿದೆ ಕಣೇ. ಬಿಟ್ರೆ ಪಕ್ಕದ್ದಕ್ಕೂ ಹಬ್ಬುತ್ತೆ. ತೆಗೆದುಬಿಡ್ತೀನಿ."

"ಮುಟ್ಬೇಡಿ! ಅದು ಹಲ್ಲಲ್ಲ!"

ಹಲ್ಲುಗಳು ಪಕ್ಕಪಕ್ಕ ಕೂರುತ್ತವೆ. ಹೆಂಚುಗಳು ಒಂದರ ಮೇಲೊಂದು ತಲೆಯಿಟ್ಟು ಮಲಗುತ್ತವೆ. ಐದು ವರ್ಷ ಓದಿದ ದಂತಶಾಸ್ತ್ರದಲ್ಲಿ ಈ ಪಾಠ ಬಂದಿರಲಿಲ್ಲ. ಇಕ್ಕಳದಲ್ಲಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹದವಾಗಿ ಆಡಿಸಿ, ರೋಗಿಗೆ ಒಂದಿಷ್ಟೂ ನೋವಾಗದಂತೆ ಹೆಂಚನ್ನು ಕಿತ್ತರು. ಮರುಕ್ಷಣ ಅದರ ಮೇಲೆ ತಲೆಯಿಟ್ಟಿದ್ದ ಎರಡು ಹೆಂಚುಗಳು ಸರ್ರನೆ ಜಾರಿ, ಡಾಕ್ಟರ ಮೊಣಕಾಲು ಸವರಿಕೊಂಡು, ಅಂಗಳಕ್ಕೆ ಬಿದ್ದು ಚೂರಾದವು. ಎರಡೂ ಬೆಳಗಿನಿಂದ ಹೊಳಪು ಕೊಟ್ಟವೇ.

ಮಾಡಿನಲ್ಲಿ ಮೂರು ಹೆಂಚಿನಗಲದ ಕಂಡಿ. ಅದರೊಳಗಿಂದ ನೋಡಿದರೆ ನೇರ ಕೆಳಗೆ ದವಾಖಾನೆಯ ಕುರ್ಚಿ.

ಡಾಕ್ಟರಮ್ಮ ರಸ್ತೆ ದಾಟಿ ಓಡಿ ಬಂದರು. "ಅಣ್ಣಾ, ಒಂದು ಪ್ಲಾಸ್ಟಿಕ್ ಹೊದಿಕೆ ಬೇಕು, ಬೇಗ!"

"ಭಾನುವಾರ ನಾನು ಬೀಗ ತೆಗೆಯೋದಿಲ್ಲ ತಂಗೀ" ಎಂದೆ ಕಿಟಕಿಯಿಂದಲೇ. "ನಾಳೆ ಹನ್ನೊಂದಕ್ಕೆ ಬನ್ನಿ." (ಕಾಫಿ ಇನ್ನೂ ಅರ್ಧ ಲೋಟ ಇತ್ತು.)

ಅವರು ತಿರುಗಿ ಹೋಗುವಷ್ಟರಲ್ಲಿ ಡಾಕ್ಟರು ತಮಗೆ ತಿಳಿದ ಚಿಕಿತ್ಸೆ ಮುಗಿಸಿಯೇಬಿಟ್ಟಿದ್ದರು. ಕಿತ್ತ ಜಾಗಕ್ಕೆ ಹತ್ತಿ. ಒಂದು ಪೂರ್ತಿ ಸುರುಳಿ ಹತ್ತಿಯನ್ನು ಕಂಡಿಗೆ ತುರುಕಿ, ಗಟ್ಟಿಯಾಗಿ ಒತ್ತಿ, ಏಣಿ ಇಳಿಯುತ್ತ, "ಇವತ್ತೊಂದಿನ ಬಿಸಿ ಏನೂ ತಾಗ್ಬಾರ್ದು" ಎಂದರಂತೆ. ಡಾಕ್ಟರಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಢಣಢಣ ಎತ್ತಿಟ್ಟರು. ಆ ಮನೆಯಲ್ಲಿ ಪಾತ್ರೆ ಸದ್ದು ಮಾಡಿದರೆ ಹವಾಮಾನ ಕೆಟ್ಟಿದೆ ಎಂದರ್ಥ.

ಹೊರಗಿನ ಹವಾಮಾನವೂ ಕೆಟ್ಟಿತು. ಸೋಮವಾರ ಬೆಳಕು ಹರಿಯುವ ಹೊತ್ತಿಗೇ ಜಿಟಿಜಿಟಿ ಮಳೆ. ಮಾಡಿನ ಮೇಲಿನ ಪಾಚಿಯನ್ನೆಲ್ಲ ತೊಳೆದುಕೊಂಡು ಬಂದ ನೀರು ಹತ್ತಿಯೊಳಗೆ ಇಂಗಿತು. ಹತ್ತಿ ಹೊಟ್ಟೆ ತುಂಬ ಕುಡಿದು, ದಪ್ಪಗಾಗಿ, ಮುಹೂರ್ತಕ್ಕೆ ಕಾದು ಕುಳಿತಿತ್ತು.

ಬೆಳಗ್ಗೆ ಹತ್ತಕ್ಕೆ ರಿಜಿಸ್ಟರಿನಲ್ಲಿ ಉಳಿದಿದ್ದ ಹೆಸರು ಒಂದೇ. ನನ್ನದು. ರಾತ್ರಿಯೆಲ್ಲ ಬಲಗಡೆಯ ದವಡೆ ಸಿಡಿದು ಕಣ್ಣು ಮುಚ್ಚಿರಲಿಲ್ಲ. ಕುರ್ಚಿಯಲ್ಲಿ ಮಲಗಿ, ಬಾಯಿ ಕಳೆದು, ಕಣ್ಣು ಮುಚ್ಚಿಕೊಂಡೆ. ನೋವಿನಲ್ಲಿ ನಿನ್ನೆಯ ಕಂಡಿಯ ನೆನಪೇ ಇರಲಿಲ್ಲ. ಡಾಕ್ಟರು ಉಪಕರಣಕ್ಕೆಂದು ಅತ್ತ ತಿರುಗಿದರು. ಅಷ್ಟರಲ್ಲಿ ಬಾಯಿಗೆ ಸಣ್ಣ ಧಾರೆಯಾಗಿ ತಣ್ಣನೆ ದ್ರವ ಬಿತ್ತು. ಕುರ್ಚಿಯಲ್ಲಿ ಮಲಗಿದವನ ಬಾಯಿಗೆ ಡಾಕ್ಟರಲ್ಲದೆ ಇನ್ನಾರು ನೀರು ಹಾಕುತ್ತಾರೆ? ಶಿಸ್ತಿನ ರೋಗಿಯಾದ ನಾನು ಎರಡೂ ಕೆನ್ನೆ ಉಬ್ಬಿಸಿ, ಗಳಗಳ ಮುಕ್ಕಳಿಸಿ, ತೊಟ್ಟಿಗೆ ಉಗುಳಿದೆ. ಹಸಿರಾಗಿತ್ತು.

"ಹೊಸ ಔಷಧಿನಾ ಡಾಕ್ಟ್ರೇ? ತುಂಬ ತಂಪಾಗಿದೆ. ಮಣ್ಣಿನ ವಾಸನೆ, ಸೊಪ್ಪಿನ ವಾಸನೆ... ಅಪ್ಪಟ ಗಿಡಮೂಲಿಕೆ! ಏಜೆನ್ಸಿ ಯಾರದು? ನಮ್ಮಂಗಡೀಲೂ ಇಡೋಣ."

ಡಾಕ್ಟರು ಮೇಲಿನ ಹತ್ತಿಯನ್ನು ನೋಡಿದರು. ನನ್ನನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ಬಾಯಿ ತೆರೆದುಕೊಂಡು ನಿಂತವರು ಅವರು.

"ಮನೇಲೇ ತಯಾರಿಸಿದ್ದು ಅಣ್ಣಾ" ಎಂದರು ಡಾಕ್ಟರಮ್ಮ, ರಿಜಿಸ್ಟರಿನಿಂದ ತಲೆಯೆತ್ತದೆ. "ಮೂರು ವರ್ಷ ಮಾಗಿಸಿದ್ದು."

"ಅದಕ್ಕೇ ಈ ರುಚಿ! ಸರಿ ಡಾಕ್ಟ್ರೇ, ಈ ಹಲ್ಲು ಇನ್ನು ನಂಗೆ ಬೇಡ. ಕಿತ್ತುಬಿಡಿ."

ಡಾಕ್ಟರ ಕೈ ಇಕ್ಕಳದ ತನಕ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ಬೇಡ" ಎಂದರು ಸಣ್ಣ ದನಿಯಲ್ಲಿ. "ಒಂದನ್ನ ಕೀಳೋದು ಸುಲಭ. ಅದಕ್ಕೆ ಯಾರ್ಯಾರು ಒರಗಿದಾರೆ ಅಂತ ಮೊದಲು ನೋಡ್ಬೇಕು. ಉಳಿಸ್ಕೊಳ್ಳೋಣ."

ನೋವು ಇಳಿಯಿತು. ಇಳಿಸಿದ್ದು ಡಾಕ್ಟರ ಕೈಯೇ, ಆದರೆ ನನ್ನ ವ್ಯಾಪಾರಿ ಬುದ್ಧಿ ಪೂರ್ತಿ ಕೀರ್ತಿಯನ್ನು ಹಸಿರು ಔಷಧಿಗೆ ಬರೆದುಬಿಟ್ಟಿತು. ಅಂದು ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೊಗಳಿದೆ. ನಲ್ಲಿ ಕೊಳ್ಳಲು ಬಂದ ಬ್ಯಾಂಕ್ ಮ್ಯಾನೇಜರಿಗಂತೂ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಅವರು ನಲ್ಲಿ ಮರೆತು ನೇರ ಎದುರು ಮನೆಗೆ ಹೋದರು.

"ಡಾಕ್ಟ್ರೇ, ಆವತ್ತು ಏನೋ ಅಂದೆ, ಮನಸ್ಸಿಗೆ ಹಚ್ಕೋಬೇಡಿ. ನನಗೂ ಆ ಮಾಗಿಸಿದ್ದು ಒಂದು ಗುಟುಕು ಹಾಕಿ."

ಡಾಕ್ಟರಮ್ಮ ಕಣ್ಣಿನಲ್ಲೇ ನಿಜ ಹೇಳಬೇಡಿ ಎಂದರು. ಹೋದ ರೋಗಿ ತಾನಾಗಿ ಬಂದು ಕುರ್ಚಿಯಲ್ಲಿ ಮಲಗಿದ್ದಾನೆ. ಒಂದು ಲೋಟ ನೀರಿಗೆ ಬಣ್ಣ ಬೆರೆಸಿ ಕೊಟ್ಟಿದ್ದರೆ ಬೋರ್ಡು ಉಳಿಯುತ್ತಿತ್ತು. ಡಾಕ್ಟರು ಲೋಟ ಕೈಗೆತ್ತಿಕೊಂಡರು, ಕೆಳಗಿಟ್ಟರು.

"ಸಾರ್, ಅದು ಔಷಧಿ ಅಲ್ಲ. ನೀವು ಹಸು ಮೇಯಿಸ್ಬಹುದು ಅಂದ್ರಲ್ಲ, ಅದರ ನೀರು."

ಮ್ಯಾನೇಜರು ಮೇಲಿನ ಕಂಡಿಯನ್ನೊಮ್ಮೆ ನೋಡಿದರು. ಆಮೇಲೆ ನಗಲು ಶುರುಮಾಡಿದರು ನೋಡಿ! ಕುರ್ಚಿ ಅಲುಗಿತು, ತಟ್ಟೆ ಗಲಗಲ ಎಂದಿತು. ಬಾಯಿ ಅಷ್ಟಗಲ ತೆರೆದದ್ದೇ ತಡ, ಡಾಕ್ಟರು ಕನ್ನಡಿ ಒಳಗೆ ಹಾಕಿ, "ಹಾಗೇ ಇರಿ ಸಾರ್, ಹಾಗೇ ಇರಿ" ಎಂದು ಕೆಲಸ ಶುರುಮಾಡಿಯೇಬಿಟ್ಟರು.

ಸಂಜೆಯೊಳಗೆ ಸುದ್ದಿ ಬೀದಿ ತುಂಬ ಹರಡಿತು. ಕಂಡಿ ನೋಡಲು ಬಂದವರು, ಕುರ್ಚಿ ನೋಡಲು ಬಂದವರು, ಬಂದದ್ದಾಯಿತಲ್ಲ ಎಂದು ಹಲ್ಲು ತೋರಿಸಿಕೊಂಡು ಹೋದವರು. ನಿಜ ಹೇಳುವ ಡಾಕ್ಟರು ಗಾಜಿನ ಗೋಡೆಯೊಳಗೆ ಸಿಗುವುದು ಅಪರೂಪವಂತೆ. ರಿಜಿಸ್ಟರಿನ ಪುಟ ಸಾಲದೆ ಡಾಕ್ಟರಮ್ಮ ಅಂಚಿನಲ್ಲಿ ಬರೆಯತೊಡಗಿದರು. ಗುರುವಾರ ಬಿಸಿಲು ಬಿದ್ದಾಗ ಕಂಡಿಗೆ ಹೊಸ ಹೆಂಚು ಹಾಕಿಸಿ, ಬ್ಲೀಚಿಂಗ್ ಪುಡಿ ಕಲಸಿ, ತಾವೇ ಏಣಿ ಹತ್ತಿ ಸುರಿದು, ಉದ್ದನೆ ಪೊರಕೆಯಲ್ಲಿ ಮೇಲಿನಿಂದ ಕೆಳಕ್ಕೆ ಗುಡಿಸಿ, ಎರಡು ಗಂಟೆಯಲ್ಲಿ ಮಾಡನ್ನು ಕೆಂಪಗೆ ಮಾಡಿದರು. ಹಗ್ಗ ಹಿಡಿದು ಕೆಳಗೆ ನಿಂತಿದ್ದ ಡಾಕ್ಟರು, "ಅಂಚಿನ ಸಂದಿಯಲ್ಲಿ ಸ್ವಲ್ಪ ಉಳೀತು ಕಣೇ" ಎಂದರೆ, "ಆರು ತಿಂಗಳು ಬಿಟ್ಟು ಬರೋಕ್ಹೇಳಿ, ನೋಡೋಣ" ಎಂದು ಮೇಲಿನಿಂದ ಉತ್ತರ ಬಂತು.

ನನ್ನ ಪಾಡು ಕೇಳಬೇಡಿ. ಮೊಳೆ ಕೊಳ್ಳಲು ಬಂದವರೂ, "ಅಣ್ಣಾ, ಆ ಮೂರು ವರ್ಷದ್ದು ಸ್ಟಾಕ್ ಇದೆಯಾ?" ಎಂದು ಕೇಳಿಯೇ ಹೋಗುತ್ತಾರೆ. ಕೇಳಲಿ. ಬಲಗಡೆಯ ಆ ಹಲ್ಲು ಮೂರು ಸಲದ ಚಿಕಿತ್ಸೆಯಲ್ಲಿ ಗಟ್ಟಿಯಾಯಿತು; ಈಗ ಅದರಲ್ಲೇ ಅಗಿಯುತ್ತೇನೆ. ಭಾನುವಾರ ಆ ಎರಡು ಹೆಂಚು ಬೀಳದೆ ಹೋಗಿದ್ದರೆ ಸೋಮವಾರ ಅದು ತೊಟ್ಟಿಯಲ್ಲಿ ಇರುತ್ತಿತ್ತು. ಡಾಕ್ಟರಿಗೆ ನಾನು ಒಂದು ದವಡೆ ಹಲ್ಲಿನ ಋಣಿ.